ಮೊಮ್ಮಗಳ ನೆತ್ತಿಯ ಸ್ಕ್ಯಾನು

ಆಸ್ಪತ್ರೆಗೆ ಹೋದವರಿಗೆ ಅಳು ಬರಬೇಕು. ನಮ್ಮ ಮನೆಯವರು ಹೋದರೆ ಯಾಕೋ ಏನೋ, ಪ್ರತಿ ಸಲವೂ ನಗುವಂಥದ್ದೇ ಏನಾದರೂ ಆಗಿಬಿಡುತ್ತದೆ.

ನಾನು ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ದುಡಿದು ರಿಟೈರಾದವನು. ಸರ್ವೀಸಿನುದ್ದಕ್ಕೂ ಹೊತ್ತಿಗೆ ಮುಂಚೆ ಬಂದ ಗಾಡಿ ಕಂಡವನಲ್ಲ. ಮೊಮ್ಮಗಳು ಮಾತ್ರ ತಿಂಗಳು ತುಂಬುವ ಮೊದಲೇ ಬಂದಿಳಿದಳು, ಇಲ್ಲೇ ಚೆನ್ನೈಯಲ್ಲಿ. ಅಂಗೈಯಗಲದ ಕೂಸು. ಮೆದುಳಿಗೆ ರಕ್ತ ಸಾಕಷ್ಟು ಹರಿಯುತ್ತಿಲ್ಲವೇನೋ ಎಂದು ಡಾಕ್ಟರಮ್ಮನಿಗೆ ಅನುಮಾನ.

ಕೆಂಪು ಬಿತ್ತು!

ಹಸುಗೂಸಿನ ನೆತ್ತಿಯ ಮೂಳೆ ಇನ್ನೂ ಕೂಡಿರುವುದಿಲ್ಲವಲ್ಲ, ಆ ಮೆತ್ತನೆಯ ಜಾಗದಿಂದಲೇ ಸ್ಕ್ಯಾನ್ ಮಾಡುತ್ತಾರೆ. ಪರದೆಯ ಮೇಲೆ ಸರ್ರನೆ ಕೆಂಪು ಗೆರೆಯೊಂದು ಮೂಡಿತು.

"ಡಾಕ್ಟ್ರೇ, ಕೆಂಪು ಬಿತ್ತು! ರಕ್ತ ನಿಂತೇಹೋಯ್ತಾ?"

"ಸಾರ್, ನೀವು ಏನು ಕೆಲಸದಲ್ಲಿದ್ರಿ?"

"ರೈಲ್ವೆ ಸಿಗ್ನಲ್ಲು."

ಆಕೆ ನಕ್ಕರು. "ಅದಕ್ಕೇ! ಇಲ್ಲಿ ಕೆಂಪು ಅಂದ್ರೆ ನಮ್ಮ ಕಡೆ ಬರೋ ರಕ್ತ, ನೀಲಿ ಅಂದ್ರೆ ಆ ಕಡೆ ಹೋಗೋದು."

"ಓಹೋ, ಅಪ್ ಲೈನು, ಡೌನ್ ಲೈನು! ಹಸಿರು ಯಾವಾಗ ಬೀಳುತ್ತೆ?"

"ಹಸಿರು ಬೇಡ ಸಾರ್, ಅಂದ್ರೆ ರಕ್ತ ಸುಳಿ ಸುತ್ತಿದೆ ಅಂತ. ಅದು ಬಿದ್ರೆ ಗಾಬರಿ ಆಗೋದು ನನಗೆ."

ಒಂದು ಕಡೆ ಹರಿವು ಕೊಂಚ ಕಡಿಮೆಯಂತೆ. ವಾರ ಬಿಟ್ಟು ಮತ್ತೆ ನೋಡೋಣ ಎಂದರು.

ಹರಳೆಣ್ಣೆ

ಆ ವಾರದಲ್ಲೇ ನನ್ನ ಹೆಂಡತಿ ಬ್ಯಾಗಿನಲ್ಲಿ ಹರಳೆಣ್ಣೆಯ ಬಾಟಲಿ ಅಡಗಿಸಿಕೊಂಡು ಕೂಸಿನ ವಾರ್ಡಿನೊಳಗೆ ನುಗ್ಗಿದಳು. ನರ್ಸಮ್ಮ ಹಿಡಿದೇಬಿಟ್ಟಳು. ಅವಳ ಬಾಯಲ್ಲಿ ಅಜ್ಜಿ ಎಂದರೆ ತಮಿಳಿನ ‘ಪಾಟಿ’.

"ಪಾಟೀ, ತಲೆ ಮುಟ್ಟಬಾರದು! ಅಲುಗಿಸಿದ್ರೆ ಮೆದುಳಿನ ರಕ್ತದ ಒತ್ತಡ ಏರುಪೇರಾಗುತ್ತೆ."

"ಒಂದೇ ತೊಟ್ಟಮ್ಮ. ನಮ್ಮ ಮನೇಲಿ ಎಲ್ಲರ ನೆತ್ತಿಗೂ ಇಟ್ಟೇ ಬೆಳೆಸಿರೋದು."

ನರ್ಸಮ್ಮ ನನ್ನ ಫಳಫಳ ಹೊಳೆಯುವ ಬೋಳುತಲೆಯನ್ನು ಒಮ್ಮೆ ನೋಡಿದಳು.

"ತಾತನಿಗೂ ಇಟ್ಟಿದ್ರಾ?"

ಬಾಟಲಿ ಮತ್ತೆ ಬ್ಯಾಗು ಸೇರಿತು.

ಎರಡನೇ ಸ್ಕ್ಯಾನು

ಕೊನೆಗೂ ಆ ದಿನ ಬಂತು. ಕೂಸೋ ಕಿರುಚಿ ಒದ್ದಾಡಿ ಚಿತ್ರವೇ ಸಿಗಗೊಡದು.

"ಅತ್ತರೆ ಹರಿವು ಸರಿಯಾಗಿ ಗೊತ್ತಾಗಲ್ಲ. ಯಾರಾದರೂ ಮೆಲ್ಲಗೆ ಮಾತಾಡಿಸಿ," ಎಂದರು ಡಾಕ್ಟರಮ್ಮ.

ಕೂಸಿನ ತಾಯಿ, ನನ್ನ ಮಗಳು, ಚೆನ್ನೈಯಲ್ಲೇ ಬೆಳೆದವಳು; ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ತಮಿಳು. "ಅಪ್ಪಾ, ನೀಂಗ ಪೇಸುಂಗಪ್ಪಾ," ನೀವೇ ಮಾತಾಡಿಸಿ ಎಂದು ನನ್ನನ್ನೇ ಮುಂದೆ ತಳ್ಳಿದಳು.

ಆ ಕೂಸಿನ ಹತ್ತಿರ ಏನು ಮಾತಾಡುವುದು? ಗೊತ್ತಿದ್ದದ್ದನ್ನೇ ಶುರುಮಾಡಿದೆ. "ನೋಡು ಪುಟ್ಟಿ, ಪಲ್ಲಾವರಂನಿಂದ ಗಾಡಿ ಬಿಡಬೇಕಾದ್ರೆ ಮೊದಲು ಮುಂದಿನ ಸ್ಟೇಷನ್ನಿನವರು ಲೈನ್ ಕ್ಲಿಯರ್ ಕೊಡಬೇಕು, ಅಂದ್ರೆ ದಾರಿ ಖಾಲಿ ಇದೆ ಅನ್ನಬೇಕು..." ಗಾಡಿ ಪ್ಲಾಟ್‌ಫಾರಂ ಬಿಡುವಷ್ಟರಲ್ಲಿ ಅಳು ನಿಂತಿತು. ಮುಂದಿನ ಗೇಟು ಹಾಕುವ ಹೊತ್ತಿಗೆ ಕೂಸಿಗೆ ಗಾಢ ನಿದ್ದೆ.

ಡಾಕ್ಟರಮ್ಮ ಪರದೆಯನ್ನು ನೋಡಿದರು, ನೋಡುತ್ತಲೇ ಇದ್ದರು. ಆಮೇಲೆ ಮೆಲ್ಲಗೆ, "ಎರಡೂ ಕಡೆ ಚೆನ್ನಾಗಿ ಹರೀತಿದೆ ಸಾರ್. ಇನ್ನು ಭಯ ಇಲ್ಲ," ಎಂದರು.

ನನ್ನ ಕಣ್ಣು ಮಂಜಾಯಿತು. ಸುದ್ದಿ ಹೇಳೋಣವೆಂದು ಹೆಂಡತಿಯ ಕಡೆ ತಿರುಗಿದರೆ, ಅವಳೂ ಸ್ಟೂಲಿನ ಮೇಲೆ ಕೂತಲ್ಲೇ ಗೋಡೆಗೊರಗಿ ಸಣ್ಣಗೆ ಗೊರಕೆ ಹೊಡೆಯುತ್ತಿದ್ದಾಳೆ!

ನರ್ಸಮ್ಮ ನನ್ನ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದಳು: "ತಾತಾ, ಪಾಟಿಯೂ ಅಲುಗಾಡ್ತಿಲ್ಲ. ಹಾಗೇ ಅವರಿಗೂ ಒಂದು ಸ್ಕ್ಯಾನ್ ತೆಗೆದುಬಿಡೋಣವಾ?"