ಬ್ಯಾಟರಿ ಕುದಿಸುವ ದೋಣಿ ಎಂಜಿನ್ನು

ಚಾಂಪಿಯನ್ ರೀಫ್ಸ್‌ನಲ್ಲಿ ನನ್ನದೊಂದು ಆಟೋ ಎಲೆಕ್ಟ್ರಿಕಲ್ ಅಂಗಡಿ. ಬೋರ್ಡಿನಲ್ಲಿ ಏನೇ ಬರೆದಿರಲಿ, ವೈರು ಇರುವ ಯಾವ ವಸ್ತು ಕೆಟ್ಟರೂ ಜನ ನನ್ನ ಹತ್ತಿರವೇ ತರುತ್ತಾರೆ. ಮಿಕ್ಸಿ ಬಂದಿದೆ, ದೇವಸ್ಥಾನದ ಸೀರಿಯಲ್ ಸೆಟ್ ಬಂದಿದೆ, ಒಂದು ಸಲ ಕಿವಿಗೆ ಹಾಕುವ ಮಿಷನ್ನು ಅಜ್ಜಿ ಸಮೇತ ಬಂದಿದೆ. ಹಾಗಾಗಿ ನದಿಯೇ ಇಲ್ಲದ ನಮ್ಮೂರಿಗೆ ದೋಣಿ ಎಂಜಿನ್ನು ರಿಪೇರಿಗೆ ಬಂದಾಗ ನಾನು ಬೆಚ್ಚಿಬೀಳಲಿಲ್ಲ.

೧. ಮೊದಲು ಎಂಜಿನ್ನು

ತಂದವರು ಇಲ್ಲಿನ ಫ್ಯಾಕ್ಟರಿಯಲ್ಲಿ ದುಡಿದು ರಿಟೈರ್ ಆದ ಸಾಹೇಬರು. ಬಾಗಲಕೋಟೆ ಕಡೆಯವರು, ನದಿ ದಂಡೆಯಲ್ಲಿ ಬೆಳೆದವರು. ಕಾಯಿಲೆಯವರನ್ನು ಆಸ್ಪತ್ರೆಗೆ ತರುವ ಹಾಗೆ ಎಂಜಿನ್ನಿಗೆ ಕಂಬಳಿ ಸುತ್ತಿ ಆಟೋದಲ್ಲಿ ತಂದಿದ್ದರು. ದೋಣಿಯ ಹಿಂದೆ ಕಟ್ಟುವಂಥದ್ದು, ನನಗಿಂತ ವಯಸ್ಸಾದದ್ದು.

"ಬ್ಯಾಟರಿ ಕುದಸ್ತೈತಿ ನೋಡಪಾ" ಎಂದರು. ಎಂಜಿನ್ನು ಓಡುವಾಗ ಬ್ಯಾಟರಿ ಚಾರ್ಜ್ ಆಗಬೇಕು. ಇದು ಮಿತಿ ಮೀರಿ ಚಾರ್ಜ್ ಮಾಡಿ ಆಗಲೇ ಎರಡು ಬ್ಯಾಟರಿ ಉಕ್ಕಿಸಿತ್ತು. "ಮೂರನೇದೂ ಉಕ್ಕಿದ್ರ ಎಂಜಿನ್ ಗುಜರಿಗೆ ಅಂತ ಮನಿಯಾಕಿ ಹೇಳ್ಯಾಳ."

"ದೋಣಿ ಎಲ್ಲೈತೆ ಸಾರ್?"

"ದೋಣಿ ಇನ್ನೂ ಇಲ್ಲ. ರೈಲಿನ್ಯಾಗ ಎಲ್ಲಾರೂ ಮೊದಲ ಎಂಜಿನ್ನ ನೋಡ್ತಾರಪಾ, ಬೋಗಿ ಆಮೇಲೆ."

೨. ಡ್ರಮ್ಮಿನ ಕಡಲು

ದೋಣಿ ಎಂಜಿನ್ನನ್ನು ನೀರಿಲ್ಲದೆ ಓಡಿಸಿದರೆ ಸುಟ್ಟುಹೋಗುತ್ತದೆ, ನೀರಿನಲ್ಲೇ ನಿಲ್ಲಿಸಬೇಕು. ನಮ್ಮಲ್ಲಿ ಒಂದು ಡ್ರಮ್ ನೀರು ಕೇಳುವುದು ಹೆಣ್ಣು ಕೇಳಿದಷ್ಟೇ ಕಷ್ಟ. ಪಕ್ಕದ ಟೀ ಅಂಗಡಿಯ ಅಕ್ಕನ ಕೈಕಾಲು ಹಿಡಿದು ಡ್ರಮ್ ತಂದೆ, ಟ್ಯಾಂಕರಿನವನನ್ನು ಕಾಡಿ ಬೇಡಿ ತುಂಬಿಸಿದೆ. ಎಂಜಿನ್ನನ್ನು ಅದರಲ್ಲಿ ಇಳಿಸಿ ಹಗ್ಗ ಎಳೆದದ್ದೇ ತಡ, ನೀರು ಅರ್ಧಕ್ಕರ್ಧ ಎಗರಿ ರಸ್ತೆಗೆ ಬಿತ್ತು. ಉಳಿದದ್ದು ಎಣ್ಣೆ ನೊರೆಯಾಗಿ ಬೆಳ್ಳಗೆ ಸುತ್ತತೊಡಗಿತು.

ಅಕ್ಕ ಬಂದು ಬಗ್ಗಿ ನೋಡಿದಳು. "ಅಣ್ಣಾ, ಮಜ್ಜಿಗೆ ಕಡಿಯಾಕೆ ಇಷ್ಟು ದೊಡ್ಡ ಮಿಷನ್ ಬೇಕಾ? ನಮ್ಮನೇಲಿ ಕಡಗೋಲು ಐತೆ, ಕೊಡ್ಲಾ?"

೩. ಇಲ್ಲದ ಪಾರ್ಟು

ಚಾರ್ಜ್ ಮಿತಿ ಮೀರಿದರೆ ಸಾಮಾನ್ಯವಾಗಿ ರೆಗ್ಯುಲೇಟರ್ ಕೆಟ್ಟಿರುತ್ತದೆ. ಕರೆಂಟಿಗೆ ಲಗಾಮು ಹಾಕುವ ಡಬ್ಬಿ ಅದು. ಎರಡು ದಿನ ಎಂಜಿನ್ನೆಲ್ಲ ಬಿಚ್ಚಿ ಹುಡುಕಿದೆ. ಸಿಗಲಿಲ್ಲ. ಬೆಂಗಳೂರಿನ ಒಬ್ಬ ಹಳೇ ವ್ಯಾಪಾರಿಗೆ ಫೋಟೋ ಕಳಿಸಿ ಕೇಳಿದೆ. "ಆ ಮಾಡಲ್‌ಗೆ ರೆಗ್ಯುಲೇಟರೇ ಇಲ್ಲ ಕಣಯ್ಯಾ" ಎಂದ. ಬ್ಯಾಟರಿಯೇ ಹೇಗೋ ತಡೆದುಕೊಳ್ಳಲಿ ಎಂದು ಕಂಪನಿಯವರು ಬಿಟ್ಟಿದ್ದರಂತೆ.

ಎರಡು ದಿನ ಇಲ್ಲದ ಪಾರ್ಟು ಹುಡುಕಿದೆ ಎಂದು ಸಾಹೇಬರಿಗೆ ಹೇಳಲು ನಾಚಿಕೆಯಾಯಿತು. ಆದರೂ ಹೇಳಿದೆ.

ಅವರು ನನ್ನ ಹೆಗಲ ಮೇಲೆ ಕೈಯಿಟ್ಟರು. "ಎರಡ ದಿನಕ್ಕ ಮನಸಿಗೆ ಹಚ್ಕೋಬ್ಯಾಡ. ಇಲ್ಲದ ಪಾರ್ಟ್ ಹುಡುಕಾಕ ನಮ್ಮ ಫ್ಯಾಕ್ಟರ್ಯಾಗ ಒಂದು ಸೆಕ್ಷನ್ನ ಇತ್ತು. ಅದರಾಗಿದ್ದವ್ರು ಎಲ್ಲಾರೂ ಪ್ರಮೋಷನ್ ತಗೊಂಡ ರಿಟೈರ್ ಆದ್ರು."

೪. ಚಿನ್ನದಂಥ ಎಂಜಿನ್ನು

ಬೈಕಿನ ರೆಗ್ಯುಲೇಟರ್ ಒಂದನ್ನು ಜೋಡಿಸಿದೆ. ಮೀಟರು ಹದಿನಾಲ್ಕು ವೋಲ್ಟು ತೋರಿಸಬೇಕು, ಹದಿನೇಳು ತೋರಿಸಿತು. ಬೇರೆ ರೆಗ್ಯುಲೇಟರ್ ಹಾಕಿದೆ, ಹದಿನೇಳು. ಮೂರನೆಯದಕ್ಕೂ ಹದಿನೇಳು. ಸಾಹೇಬರು ಕೊಂಡು ತಂದ ಮೂರನೇ ಬ್ಯಾಟರಿ ಎದುರಿಗೇ ಕೂತಿತ್ತು. ಅದನ್ನು ನೋಡಲು ನನಗೆ ಧೈರ್ಯವಾಗಲಿಲ್ಲ.

ನಮ್ಮ ಬೀದಿಯ ತಾತ, ಈಗ ಮುಚ್ಚಿರುವ ನಮ್ಮೂರ ಚಿನ್ನದ ಗಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು. ಟೀ ಕುಡಿಯುತ್ತ ಎಲ್ಲವನ್ನೂ ನೋಡುತ್ತಿದ್ದರು. "ತಂಬೀ, ಎಂಜಿನ್ ನಿಲ್ಸಿ ಒಂದ್ಸಲ ನೋಡು" ಎಂದರು.

ನಿಲ್ಲಿಸಿದೆ. ಸ್ವಲ್ಪ ಹೊತ್ತು ಬಿಟ್ಟು ಬ್ಯಾಟರಿಗೆ ಮೀಟರ್ ಇಟ್ಟೆ. ಸುಮ್ಮನೆ ಕೂತ ಬ್ಯಾಟರಿ ಹದಿಮೂರು ದಾಟಬಾರದು, ಆಗಲೂ ಹದಿನಾರು.

ತಾತ ಲೋಟ ಕೆಳಗಿಟ್ಟು ನನ್ನ ಮೀಟರಿನ ಕಡೆಗೇ ಬೆರಳು ತೋರಿಸಿದರು. ಮೀಟರಿನ ಹೊಟ್ಟೆಯೊಳಗೆ ಒಂದು ಪುಟ್ಟ ಸೆಲ್ಲಿರುತ್ತದೆ. ಅದು ಸೊರಗಿದರೆ ಮೀಟರು, ಮನೆಯಲ್ಲಿ ಊಟಕ್ಕಿಲ್ಲದವನು ಊರಲ್ಲಿ ಬಡಾಯಿ ಕೊಚ್ಚಿದಂತೆ, ಇದ್ದದ್ದಕ್ಕಿಂತ ಜಾಸ್ತಿ ಹೇಳುತ್ತದೆ. ಹೊಸ ಸೆಲ್ ಹಾಕಿ ಎಂಜಿನ್ನು ಓಡಿಸಿದೆ. ಹದಿನಾಲ್ಕು. ನಾನು ತೆಗೆದು ಬಿಸಾಕಿದ ಮೊದಲನೇ ರೆಗ್ಯುಲೇಟರಿಗೂ ಹದಿನಾಲ್ಕೇ.

"ನಿಂತ ಮೇಲೂ ಕರೆಂಟ್ ಕೊಡೋ ಎಂಜಿನ್ ನಮ್ಮತ್ರ ಇದ್ದಿದ್ರೆ" ಎಂದರು ತಾತ, "ಗಣಿ ಯಾಕಪ್ಪಾ ಮುಚ್ತಾ ಇದ್ರು?"

೫. ಬೂದಿಕೋಟೆಯ ಜಲಯಾನ

ದೋಣಿ ಸಿಗಲಿಲ್ಲ. ಬೂದಿಕೋಟೆ ಹತ್ತಿರ ಒಂದು ಕೆರೆಯಲ್ಲಿ ಮೀನು ಹಿಡಿಯುವವನ ಬಳಿ ದೊಡ್ಡ ತೆಪ್ಪವಿತ್ತು. ಬುಟ್ಟಿಯ ಹಾಗೆ ದುಂಡಗಿನದು. ಅಂಚಿಗೆ ಹಲಗೆ ಬಿಗಿದು ಎಂಜಿನ್ನು ಕೂರಿಸಿದೆವು. ಸಾಹೇಬರು ಟ್ರ್ಯಾಕ್ಟರ್ ಟ್ಯೂಬು ತೊಟ್ಟು, ಮೂರನೇ ಬ್ಯಾಟರಿಯನ್ನು ಕಾಲ ಮಧ್ಯೆ ಇಟ್ಟುಕೊಂಡು, ಕೈಯಲ್ಲಿ ಮೀಟರ್ ಹಿಡಿದು ಕುಳಿತರು. ಅವರ ಹೆಂಡತಿ ಅಮ್ಮಾವ್ರು ದಂಡೆಯಲ್ಲಿ ಸೆರಗು ಬಿಗಿದು ನಿಂತರು.

"ಎಂಗೋ ಏನೋ ಸಾರ್, ಇದು ಗುಂಡಗೈತೆ" ಎಂದ ಮೀನಿನವ. ಸಾಹೇಬರು ಕೇಳಿಸಿಕೊಳ್ಳಲಿಲ್ಲ.

ಎಂಜಿನ್ನು ಗರ್ಜಿಸಿತು. ತೆಪ್ಪ ಮುಂದೆ ಹೋಗಲಿಲ್ಲ. ನಿಂತಲ್ಲೇ ಬುಗುರಿಯಂತೆ ಸುತ್ತತೊಡಗಿತು.

"ವೋಲ್ಟ್ ಎಷ್ಟೈತೆ ಸಾರ್?" ಎಂದು ಕೂಗಿದೆ. ಸಾಹೇಬರ ಮುಖ ನಮ್ಮ ಕಡೆ ಬಂದಾಗ "ಹದಿ" ಎಂದು ಕೇಳಿಸಿತು. ಬೆನ್ನು ಬಂತು. ಮತ್ತೆ ಮುಖ ಬಂದಾಗ "ನಾಕು" ಎಂದು ಕೇಳಿಸಿತು.

"ಎಂಜಿನ್ ನಿಲ್ಸಿ" ಎಂದು ಮೀನಿನವ ಕೂಗಿದ. ನಿಲ್ಲಿಸುವ ಗುಂಡಿಗಾಗಿ ಸಾಹೇಬರು ಪರದಾಡುತ್ತ ಇನ್ನೂ ಹತ್ತು ಸುತ್ತು ಸುತ್ತಿದರು. ಕೊನೆಗೆ ನಿಂತಿತು. ಹಗ್ಗ ಎಳೆದು ದಂಡೆಗೆ ತಂದೆವು. ಇಳಿದವರೇ ನೆಲ ಹಿಡಿದು ಕೂತರು. ಕಣ್ಣು ಇನ್ನೂ ತಿರುಗುತ್ತಿತ್ತು.

ಅಮ್ಮಾವ್ರು ನೀರಿನ ಬಾಟಲಿ ಕೊಟ್ಟು, ಮೆತ್ತಗೆ ಕೇಳಿದರು: "ಎಲ್ಲೀತನಕ ಹೋಗಿ ಬಂದ್ರಿ?"

ಸಾಹೇಬರು ತಲೆ ಎತ್ತದೆ, ಬ್ಯಾಟರಿಯ ಮೇಲೆ ಕೈಯಾಡಿಸಿ ಹೇಳಿದರು: "ಎಲ್ಲೂ ಹೋಗಿಲ್ಲ. ಆದ್ರ ಮುಟ್ಟಿ ನೋಡು, ತಣ್ಣಗೈತಿ."