ಒಡೆಯದ ಮಡಕೆ

ಅಂದು ಬೆಳಗ್ಗೆ ಭೀಮರಾಜು ಗೋವಾದ ಫುಟ್‌ಬಾಲ್ ಕ್ಲಬ್ಬಿನ ಮ್ಯಾನೇಜರನ ಕರೆಗೆ ಕಾಯುತ್ತಿದ್ದ. ಇಷ್ಟು ವರ್ಷ ನಂಬಿಕೆಯಿಂದ ಗೋಲು ಕಾದವನಿಗೆ ‘ಕೈ ನಿಧಾನವಾಗಿದೆ, ಮುಂದಿನ ಒಪ್ಪಂದ ಅನುಮಾನ’ ಎಂದು ಹೇಳಿ ಊರಿಗೆ ಕಳಿಸಿದ್ದರು. ಫೋನ್ ಬಂತು. ಎತ್ತಿದರೆ ಅತ್ತೆ ಗಂಗಕ್ಕನ ಅಳು.

“ನಿಮ್ಮಾವ ಹೋಗ್ಬುಟ್ರು ಕಣಪ್ಪ!”

ಭೀಮರಾಜು ಗರ ಬಡಿದವನಂತೆ ನಿಂತ. ಹಿಂದಿನ ಸಂಜೆ ತಾನೇ ಸೋದರಮಾವ ಆಂಜನಪ್ಪನವರು ಹೊನ್ನವಳ್ಳಿ ಸರ್ಕಲ್ಲಿನಲ್ಲಿ ಟೀ ಕುಡಿಸಿದ್ದರು. ಅವನಿಗೆ ಗೋಲು ಕಾಯುವುದನ್ನು ಕಲಿಸಿದ್ದು ಯಾವ ಕೋಚೂ ಅಲ್ಲ, ಈ ಮಾವ. ಅವರು ಅಂಗಳದಿಂದ ತೆಂಗಿನಕಾಯಿ ಎಸೆಯುವುದು, ಇವನು ಅಟ್ಟದ ಮೇಲೆ ನಿಂತು ಹಿಡಿಯುವುದು. “ಬಿಟ್ಟೀಯ ಜೋಕೆ! ಬಿರುಕು ಬಿಟ್ಟ ಕಾಯಿ ಅಟ್ಟದಲ್ಲೇ ಕೊಳೀತದೆ, ಕೊಬ್ರಿ ಆಗಾಕಿಲ್ಲ ಕಣ್ಲಾ!”

ಮಾವನಿಗೆ ಮಕ್ಕಳಿರಲಿಲ್ಲ. ತೋಟದಂಚಿನಲ್ಲಿ ಚಿತೆ ಸಿದ್ಧವಾದಾಗ ಅಳಿಯನೇ ನೀರು ತುಂಬಿದ ಮಡಕೆ ಹೊತ್ತ. ಚಿತೆಗೆ ಮೂರು ಸುತ್ತು ಬಂದು, ತಿರುಗಿ ನೋಡದೆ ಬೆನ್ನ ಹಿಂದಕ್ಕೆ ಬಿಡಬೇಕು. ಮಡಕೆ ಒಡೆದರೆ ಋಣ ಹರಿದು ಜೀವಕ್ಕೆ ದಾರಿ ಸಿಕ್ಕಂತೆ.

“ಬುಡು ಈಗ,” ಎಂದರು ಊರ ಹಿರಿಯ ಹುಚ್ಚರಂಗಯ್ಯನವರು.

ಬಿಟ್ಟ. ಮಡಕೆ ಹೆಗಲು ದಾಟಿದ್ದೇ ತಡ, ಅವನ ಮೈ ಮೀನಿನಂತೆ ಹಿಂದಕ್ಕೆ ಹಾರಿ, ನೆಲಕ್ಕೆ ಗೇಣಿರುವಾಗ ಅದನ್ನು ತಬ್ಬಿ ಹಿಡಿಯಿತು.

ಅಳುತ್ತಿದ್ದವರ ಬಾಯಿ ತೆರೆದಂತೆಯೇ ಉಳಿಯಿತು. ಹುಚ್ಚರಂಗಯ್ಯನವರು ಎದೆ ಹಿಡಿದುಕೊಂಡರು. “ಅಯ್ಯೋ ಮುಂಡೇದೇ! ನಿಮ್ಮಾವ ಮಡಕೇಲೇ ಸಿಕ್ಕಾಕ್ಕೊಂಡ್ರಲ್ಲೋ!”

“ನಾನಲ್ಲ ತಾತ, ಕೈ!”

ಎರಡನೆಯ ಸಲ ಅವನ ಕೈಗಳನ್ನು ಟವೆಲಿನಿಂದ ಕಟ್ಟಿ, ಹೆಗಲ ಮೇಲಿನ ಮಡಕೆಯನ್ನು ಹಿರಿಯರೇ ತಳ್ಳಿದರು. ಭೀಮರಾಜು ಹಿಂದಕ್ಕೆ ಹಾರಿ ಅಂಗಾತ ಬಿದ್ದ. ಮಡಕೆ ಅವನ ಹೊಟ್ಟೆಯ ಮೇಲೆ ಹಸುಗೂಸಿನಂತೆ ಕುಳಿತಿತ್ತು.

ಅಷ್ಟರಲ್ಲಿ ಪಕ್ಕದ ಮನೆಯ ರುದ್ರೇಶ್ ಫೋನನ್ನು ಅವನ ಕಿವಿಗೆ ಹಿಡಿದ. ಭೀಮರಾಜುವಿನ ಆಟದ ವಿಡಿಯೊಗಳನ್ನು ಕ್ಲಬ್ಬಿಗೆ ಕಳಿಸುವುದು ಅವನ ಕೆಲಸ. ಸಾವಿನ ಮನೆಯಲ್ಲೂ ಅದನ್ನು ಬಿಟ್ಟಿರಲಿಲ್ಲ; ಮಡಕೆ ಹಿಡಿದ ಎರಡೂ ವಿಡಿಯೊಗಳನ್ನು ಆಗಲೇ ಕಳಿಸಿದ್ದ. ಮ್ಯಾನೇಜರ್ ಕುಣಿದಾಡುತ್ತಿದ್ದ: ಬೆನ್ನ ಹಿಂದಿನದನ್ನೂ ಹಿಡಿಯುತ್ತಾನೆ, ಕೈ ಕಟ್ಟಿದರೂ ಬಿಡುವುದಿಲ್ಲ! ಒಪ್ಪಂದ ಸಂಜೆಗೇ ಸಿದ್ಧ!

ಭೀಮರಾಜುವಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಗಂಗಕ್ಕ ಸೆರಗಿನಿಂದ ಮೂಗೊರೆಸಿಕೊಂಡು ಹೇಳಿದಳು: “ಅವ್ರ ಮಾತು ನೀನು ಒಂದಿನಾನೂ ಮೀರಲಿಲ್ಲ ಕಣಪ್ಪ. ಇವತ್ತು ಮೀರು. ಅವ್ರನ್ನ ಕಳಿಸ್ಕೊಡು.”

ಮೂರನೆಯ ಸಲ ಅವನು ಕೈಕಟ್ಟು ಬಿಚ್ಚಿಸಿಕೊಂಡು, ತೆಂಗಿನ ಮರವೊಂದನ್ನು ಅಪ್ಪಿ ನಿಂತು ಹೆಗಲು ಕೊಡವಿದ. ಉಗುರು ಮರಕ್ಕೆ ನಾಟಿತು, ಕಾಲು ಕದಲಲಿಲ್ಲ. ಹಿಂದೆ ಮಡಕೆ ಠಪ್ಪೆಂದು ಒಡೆಯಿತು. ಊರೇ ಉಸಿರು ಬಿಟ್ಟಿತು.

ಚಿತೆಗೆ ಬೆಂಕಿಯಿಟ್ಟು ಬರುವಷ್ಟರಲ್ಲಿ ಮತ್ತೆ ಫೋನ್. ಮ್ಯಾನೇಜರನ ದನಿ ತಣ್ಣಗಿತ್ತು. ಇಷ್ಟು ಸುಲಭದ್ದನ್ನು ಕಾಲು ಕೀಳದೆ ಬಿಟ್ಟವನು ಬೇಡ, ಮೊದಲೆರಡು ಅದೃಷ್ಟ.

“ಇದನ್ನೂ ಯಾಕ್ಲಾ ಕಳಿಸ್ದೆ?” ಭೀಮರಾಜು ರುದ್ರೇಶನ ಕಡೆ ತಿರುಗಿದ.

“ಮಡಕೆ ಒಡೀದೆ ಕ್ಲಬ್ಬಿನೋರೂ ಗಾಬರಿಯಾಗಿರ್ತಾರೆ ಅಲ್ವೇನ್ಲಾ?” ಎಂದ ರುದ್ರೇಶ್. “ಮಾವಂಗೆ ದಾರಿ ಸಿಕ್ತು ಅಂತ ಸಮಾಧಾನ ಆಗ್ಲಿ ಅಂತ!”

ಭೀಮರಾಜು ತೋಟದ ಮೇಲೆ ಏರುತ್ತಿದ್ದ ಹೊಗೆಯ ಕಡೆಗೆ ಬರಿಗೈಗಳನ್ನು ಜೋಡಿಸಿದ.

“ಭಗವಂತ, ನಮ್ಮಾವನ್ನ ನಿನ್ನ ಕಡೀಕೆ ಬಿಟ್ಟಿದೀನಿ. ನೆಲಕ್ಕೆ ಬೀಳದಂಗೆ ಹಿಡ್ಕೊ. ಆ ಜೀವ ತಣ್ಣಗಿರ್ಲಿ.”