ಜಾವಳಿ ಬಸ್ಸಿನ ಗಂಟೆ

ಆಡಳಿತ ಮಂಡಳಿಯ ಅಧ್ಯಕ್ಷ ಸಿದ್ದಬಸಪ್ಪನವರು ಭಾಷಣದ ನಡುವೆ ನೀರು ಕುಡಿಯಲು ಲೋಟ ಎತ್ತಿದ್ದಷ್ಟೇ, ಕಾಲೇಜಿನ ಕೊನೆಯ ಗಂಟೆ ಹೊಡೆಯಿತು. ಅವರು ಲೋಟ ಇಳಿಸುವಷ್ಟರಲ್ಲಿ ಸಭಾಂಗಣದಲ್ಲಿ ಕುರ್ಚಿಗಳು ಮಾತ್ರ ಉಳಿದಿದ್ದವು.

ಮರುದಿನ ಬೆಳಿಗ್ಗೆಯೇ ಅವರು ಪ್ರಿನ್ಸಿಪಾಲ್ ರುದ್ರಪ್ಪನವರ ಕೋಣೆಗೆ ಬಂದರು. "ಆ ಗಂಟೆ ಹೊಡೆಯೋ ಭಾಗಮ್ಮನ್ನ ಸಂಜೆಯೊಳಗೆ ಮನೆಗೆ ಕಳ್ಸಿ. ಇಲ್ದಿದ್ರೆ ನಿಮ್ಮ ಕೆಲಸ ಕಾಯಂ ಮಾಡೋ ಮಾತು ಮರ್ತುಬಿಡಿ."

ಹೋದ ವರ್ಷದವರೆಗೆ ರುದ್ರಪ್ಪನವರು ಚಿಕ್ಕಮಗಳೂರಿನಲ್ಲಿ ಕಾರ್ಮಿಕರ ವಕೀಲರು. ಎಸ್ಟೇಟಿನವರು ಯಾರನ್ನಾದರೂ ಕೆಲಸದಿಂದ ತೆಗೆದರೆ ಇವರು ಕೋರ್ಟಿನಲ್ಲಿ ವಾದಿಸಿ ಮತ್ತೆ ಸೇರಿಸುತ್ತಿದ್ದರು. ಓಡಾಡಿ ಓಡಾಡಿ ಮಂಡಿನೋವು ಹತ್ತಿ, ಕೂತು ಮಾಡುವ ಕೆಲಸ ಸಾಕೆಂದು ಮೂಡಿಗೆರೆಯ ಈ ಖಾಸಗಿ ಕಾಲೇಜಿಗೆ ಬಂದಿದ್ದರು. ಜನ್ಮವೆಲ್ಲ ಸೇರಿಸುತ್ತಲೇ ಬಂದ ಮನುಷ್ಯ ಈಗ ತೆಗೆಯುವುದು ಹೇಗೆಂದು ನೋಡಲು ಸ್ಟಾಫ್ ರೂಮಿಗೆ ರೂಮೇ ಕಿಟಕಿಗೆ ಬಂದು ನಿಂತಿತು. ಕುತೂಹಲವೊಂದಕ್ಕೇ ನೋಡಿ, ಜನ ಸಂಬಳವಿಲ್ಲದೆ ದುಡಿಯುವುದು.

"ವಿಚಾರಣೆ ಇಲ್ದೆ ತೆಗೆಯೋ ಹಾಗಿಲ್ಲ," ಎಂದರು ರುದ್ರಪ್ಪ. "ಅವ್ರ ಪರ ಮಾತಾಡೋಕೆ ಜೊತೆಯ ನೌಕರರೊಬ್ಬರು ಬೇಕು."

ಕಿಟಕಿ ತಟ್ಟನೆ ಖಾಲಿಯಾಯಿತು. ಉಪನ್ಯಾಸಕಿ ಪ್ರೇಮಲತಾಗೆ ತಲೆನೋವು ಬಂತು, ಗುಮಾಸ್ತ ಬಾಲರಾಜ್‌ಗೆ ಬ್ಯಾಂಕಿನ ನೆನಪಾಯಿತು. ವಿಚಾರಣೆಗೆಂದು ಕರೆಸಿದ್ದ ಭಾಗಮ್ಮ ಮೇಜಿನ ಮುಂದೆ ಸೆರಗಿನ ತುದಿ ಹಿಡಿದು ಒಬ್ಬಳೇ ನಿಂತಳು.

ರುದ್ರಪ್ಪನವರಿಗೆ ಅದನ್ನು ನೋಡಲಾಗಲಿಲ್ಲ. "ನಾನೂ ನೌಕರನೇ ತಾನೆ," ಎನ್ನುತ್ತಾ ಮೇಜಿನ ಈಚೆಗೆ ಬಂದರು. ಆಚೆ ಕೂತು ಪ್ರಶ್ನೆ ಕೇಳುವುದು, ಈಚೆ ಬಂದು ಅದಕ್ಕೆ ಆಕ್ಷೇಪಿಸುವುದು, ಮತ್ತೆ ಆಚೆ ಹೋಗಿ ಆಕ್ಷೇಪವನ್ನು ಒಪ್ಪುವುದು. ಮಂಡಿನೋವು ಎಲ್ಲಿ ಹೋಯಿತೋ ಗೊತ್ತಿಲ್ಲ.

"ಯಾಕೆ ಭಾಗಮ್ಮ, ಅಷ್ಟು ಬೇಗ ಗಂಟೆ ಹೊಡೆದ್ರಿ?"

"ಜಾವಳಿ ಬಸ್ಸು ತಿರುವಲ್ಲಿ ಕಂಡ್ರೆ ಕೊನೇ ಗಂಟೆ ಸಾರ್. ಮುಂಚಿಂದ ಹಾಗೇ. ನಿನ್ನೆ ಬಸ್ಸು ಬೇಗ ಬಂತು."

ರುದ್ರಪ್ಪ ಈಚೆಗೆ ಹಾರಿದರು. "ಕೇಳಿದ್ರಾ? ಆ ಬಸ್ಸು ತಪ್ಪಿದ್ರೆ ಜಾವಳಿ ಕಡೆಯ ಮಕ್ಕಳು ಮನೆ ಸೇರೋದು ಹೇಗೆ? ಮೊದಲಿಂದ ನಡ್ಕೊಂಡು ಬಂದಿದ್ದನ್ನೇ ಇವ್ರು ಮಾಡಿದ್ದಾರೆ. ಗಡಿಯಾರ ನೋಡಿ ಹೊಡೀರಿ ಅಂತ ಹೇಳ್ಬೇಕಾದವರು ಯಾರು? ಕಾಲೇಜಿನ ಮುಖ್ಯಸ್ಥರು. ಅವರಿಗೆ ಜವಾಬ್ದಾರಿ ಅನ್ನೋದೇ ಇಲ್ಲ. ಶಿಕ್ಷೆ ಆಗ್ಬೇಕಾದ್ದು ಅಂಥವರಿಗೆ."

ಆಮೇಲೆ ಆಚೆ ಹೋಗಿ ಕೂತು, ಭಾಗಮ್ಮನದು ತಪ್ಪಿಲ್ಲವೆಂದು ತೀರ್ಪು ಕೊಟ್ಟರು. ಎಷ್ಟೋ ತಿಂಗಳ ಮೇಲೆ ಅವರಿಗೆ ನಿಜಕ್ಕೂ ಸಂತೋಷವಾಗಿತ್ತು.

ಬಾಗಿಲಲ್ಲಿ ನಿಂತು ಎಲ್ಲ ಕೇಳಿದ ಸಿದ್ದಬಸಪ್ಪನವರೂ ನಗುತ್ತಿದ್ದರು. "ಒಪ್ಪಿದೆ ವಕೀಲರೇ. ಭಾಗಮ್ಮ ಇರ್ಲಿ. ನಾಳೆ ಆ ಮುಖ್ಯಸ್ಥರ ವಿಚಾರಣೆ, ನಾನೇ ಮಾಡ್ತೀನಿ. ನಿಮ್ಮ ಪರವಾಗಿ ಯಾರನ್ನಾದ್ರೂ ಕರ್ಕೊಂಡು ಬನ್ನಿ."

ರುದ್ರಪ್ಪ ಸ್ಟಾಫ್ ರೂಮಿನ ಕಡೆ ನೋಡಿದರು. ಬಾಗಿಲು ಮುಚ್ಚಿತ್ತು. ಉಳಿದವಳು ಭಾಗಮ್ಮ ಒಬ್ಬಳೇ.

"ನೀವಾದ್ರೂ ನನ್ನ ಪರ ಬರ್ತೀರಲ್ಲ?"

"ಬರ್ದೇ ಇರ್ತೀನಾ ಸಾರ್," ಎಂದ ಭಾಗಮ್ಮ, ತುಸು ಸಂಕೋಚದಿಂದ ಸೇರಿಸಿದಳು: "ಆದ್ರೆ ಬಂದು ಏನು ಹೇಳ್ಲಿ? ತಪ್ಪೆಲ್ಲ ನಿಮ್ದೇ ಅಂತ ನೀವು ಅಷ್ಟು ಚೆನ್ನಾಗಿ ಹೇಳಿದ್ರಲ್ಲ, ನಂಗೂ ಹೌದು ಅನ್ನಿಸಿಬಿಡ್ತು."